ಅನ್ನಪಾನನಿರೋಧ: ಸಿಬ್ಬಂದಿ ಕಡಿತ ಮತ್ತು ಶ್ರಾವಕಧರ್ಮ

ಗೃಹಸ್ಥನು ಪಾಲಿಸಬೇಕಾದ ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಅನ್ನಪಾನನಿರೋಧ. ತನ್ನನ್ನು ಆಶ್ರಯಿಸಿರುವ ಜೀವಿಗೆ ಸಕಾಲದಲ್ಲಿ ದೊರೆಯಬೇಕಾದ ಆಹಾರವನ್ನೂ ನೀರನ್ನೂ ತಡೆಯುವುದು ಎಂದು ಇದರ ಅರ್ಥ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಆಹಾರವಾರಣ ಎಂದು ಕರೆದಿದ್ದಾರೆ. ಮಕ್ಕಳಿಗೆ ಇದನ್ನು ಕಲಿಸುವಾಗ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನಕ್ಕೆ ಹೊತ್ತಿಗೆ ಸರಿಯಾಗಿ ಮೇವು ಹಾಕದಿರುವುದನ್ನು ಉದಾಹರಣೆಯಾಗಿ ಹೇಳುವುದು ರೂಢಿ. ಇಂದು ವ್ಯಾಪಾರಸ್ಥರ ಮನೆಗಳಲ್ಲಿ ಕೊಟ್ಟಿಗೆಗಳು ಅಪರೂಪ. ಆದರೆ ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ತಿಂಗಳ ಮೊದಲ ವಾರದ ಸಂಬಳವನ್ನೇ ನಂಬಿದ ಮನುಷ್ಯರಿದ್ದಾರೆ. ಅವರ ಹಿಂದೆ ಅವರ ಮನೆಗಳಿವೆ. ಕಟ್ಟಿಹಾಕಿದ ಹಗ್ಗ ಕಣ್ಣಿಗೆ ಕಾಣದಿದ್ದರೂ ಆಶ್ರಯದ ಸಂಬಂಧ ಅದೇ ಆಗಿದೆ.

ವ್ಯಾಪಾರದಲ್ಲಿ ಏರಿಳಿತ ಸಹಜ. ಕೈಯಿಂದ ನಡೆಯುತ್ತಿದ್ದ ಕೆಲಸವನ್ನು ಯಂತ್ರ ಮಾಡತೊಡಗುತ್ತದೆ, ಹತ್ತು ಜನ ಬರೆಯುತ್ತಿದ್ದ ಲೆಕ್ಕವನ್ನು ಕಂಪ್ಯೂಟರು ಒಂದು ಗಂಟೆಯಲ್ಲಿ ಮುಗಿಸುತ್ತದೆ, ಎರಡು ಶಾಖೆಗಳನ್ನು ಸೇರಿಸಿ ಒಂದು ಮಾಡಬೇಕಾಗುತ್ತದೆ, ಅಣ್ಣತಮ್ಮಂದಿರು ಪಾಲಾದಾಗ ಅಂಗಡಿಯೂ ಪಾಲಾಗುತ್ತದೆ. ಇಂತಹ ಪುನಾರಚನೆಯ ಸಂದರ್ಭದಲ್ಲಿ ಕೆಲವು ನೌಕರರು ಹೆಚ್ಚುವರಿಯೆಂದು ಎಣಿಸಲ್ಪಟ್ಟು ಕೆಲಸ ಕಳೆದುಕೊಳ್ಳುತ್ತಾರೆ. ಆಗ ವ್ರತಧಾರಿಯಾದ ಯಜಮಾನನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಹೀಗೆ ನೌಕರನನ್ನು ತೆಗೆಯುವುದು ಅನ್ನಪಾನನಿರೋಧವಲ್ಲವೇ? ಅಲ್ಲವೆಂದರೆ ಏಕೆ ಅಲ್ಲ? ಹೌದೆಂದರೆ ವ್ಯಾಪಾರ ಮಾಡುವುದು ಹೇಗೆ?

ಈ ಪ್ರಶ್ನೆಗೆ ಸುಲಭವಾಗಿ ದೊರೆಯುವ ಉತ್ತರವೊಂದಿದೆ. ಗೃಹಸ್ಥನು ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವ ಉದ್ಯೋಗೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರ. ಸಿಬ್ಬಂದಿ ಕಡಿತವೂ ಉದ್ಯೋಗೀ ಹಿಂಸೆಯೇ ಆದುದರಿಂದ ಅದರಲ್ಲಿ ದೋಷವಿಲ್ಲ ಎಂಬುದು ಆ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. ಉದ್ಯೋಗೀ ಹಿಂಸೆಯನ್ನು ಪೂರ್ತಿ ತಪ್ಪಿಸಲಾಗದು ಎಂದಿದ್ದಾರೆಯೇ ಹೊರತು ಅದು ಹಿಂಸೆಯಲ್ಲ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಅದನ್ನು ಸಾಧ್ಯವಾದಷ್ಟು ಕಡಿಮೆ ಮಾಡುವ ಎಚ್ಚರ ಗೃಹಸ್ಥನಲ್ಲಿ ಸದಾ ಇರಬೇಕೆಂಬುದೇ ಆ ವಿಭಾಗದ ಉದ್ದೇಶ. ಪ್ರಾಣಕ್ಕೆ ಉಂಟಾಗುವ ಹಾನಿಯು ಪ್ರಮಾದದೊಡನೆ ಕೂಡಿದಾಗ ಹಿಂಸೆಯಾಗುತ್ತದೆ ಎಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ಪ್ರಮಾದವೆಂದರೆ ಕಷಾಯಕ್ಕೆ ವಶವಾದ ಅಜಾಗರೂಕತೆ. ಹಾಗಾದರೆ ನೌಕರನನ್ನು ತೆಗೆದುದಷ್ಟೇ ವಿಚಾರಣೆಯ ವಿಷಯವಲ್ಲ. ತೆಗೆಯುವಾಗ ಯಜಮಾನನ ಲೋಭ ಎಷ್ಟು ಕೆಲಸ ಮಾಡಿತು, ಅವನ ಎಚ್ಚರ ಎಷ್ಟು ಕೆಲಸ ಮಾಡಿತು ಎಂಬುದೇ ಮುಖ್ಯ ವಿಷಯ.

ಕೆಲಸ ಹೋದರೆ ಪ್ರಾಣವೇನೂ ಹೋಗುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂದೆಯೇ ಸಮಾಧಾನ ನೀಡಿದ್ದಾರೆ. ಮನುಷ್ಯನ ಅರ್ಥವೆಂಬುದು ಅವನ ಬಾಹ್ಯ ಪ್ರಾಣ; ಅದನ್ನು ಅಪಹರಿಸಿದವನು ಪ್ರಾಣವನ್ನೇ ಅಪಹರಿಸಿದಂತೆ ಎಂಬುದು ಅವರ ಅಭಿಪ್ರಾಯ. ಸಂಬಳವೇ ಏಕೈಕ ಆಧಾರವಾಗಿರುವ ಸಂಸಾರಕ್ಕೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಕೋಲಾರ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಬೆಳೆಸಿದ, ಮುಂದೆ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ನಡೆಸಿದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದುರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ಆಳಕ್ಕೆ ಇಳಿದಷ್ಟೂ ಖರ್ಚು ಏರಿತ್ತು, ನಷ್ಟ ಸುಳ್ಳಾಗಿರಲಿಲ್ಲ. ಆದರೆ ತಲೆಮಾರುಗಳಿಂದ ಗಣಿಯೊಂದನ್ನೇ ನಂಬಿದ್ದ ಊರು ಆಧಾರ ತಪ್ಪಿ ನಿಂತಿತು. ಅಲ್ಲಿಯ ಸಾವಿರಾರು ಜನ ನಸುಕಿನಲ್ಲಿಯೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗಿ ರಾತ್ರಿ ಮನೆಗೆ ಮರಳುವ ಬಾಳು ಅಂದಿನಿಂದ ಸಾಗಿಬಂದಿದೆ. ಸಂಬಳ ನಿಂತಾಗ ನಿಲ್ಲುವುದು ಒಬ್ಬನ ಊಟವೊಂದೇ ಅಲ್ಲ; ಅವನಿಗೆ ಸಾಲ ಕೊಟ್ಟ ಕಿರಾಣಿ ಅಂಗಡಿ, ಅವನ ಮಕ್ಕಳ ಶಾಲೆ, ಅವನ ವೃದ್ಧ ತಾಯಿತಂದೆಗಳ ಔಷಧಿ ಎಲ್ಲವೂ ಅದರೊಡನೆ ಸೇರಿವೆ.

ಇಲ್ಲಿ ಇನ್ನೊಂದು ಮಾತನ್ನು ಪರಿಶೀಲಿಸಬೇಕು. ‘ಅವನ ಕರ್ಮೋದಯ ಹಾಗಿತ್ತು, ಯಜಮಾನನು ನಿಮಿತ್ತಮಾತ್ರ’ ಎಂದು ಹೇಳಿ ಮನಸ್ಸನ್ನು ಹಗುರ ಮಾಡಿಕೊಳ್ಳುವವರುಂಟು. ಇದು ಸಿದ್ಧಾಂತದ ದುರುಪಯೋಗ. ನೌಕರನಿಗೆ ಬಂದ ಕಷ್ಟದಲ್ಲಿ ಅವನ ಅಸಾತಾವೇದನೀಯದ ಉದಯವಿರಬಹುದು. ಅದು ಅವನ ಲೆಕ್ಕ. ಆದರೆ ನಿಮಿತ್ತನಾದವನ ಭಾವ ಹೇಗಿತ್ತೋ ಅದಕ್ಕೆ ತಕ್ಕಂತೆ ಅವನಿಗೂ ಬಂಧವಾಗುತ್ತದೆ. ಅದು ಯಜಮಾನನ ಲೆಕ್ಕ. ಒಬ್ಬರ ಖಾತೆಯ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆದು ಲೆಕ್ಕ ಸರಿದೂಗಿಸುವುದನ್ನು ಯಾವ ವ್ಯಾಪಾರಸ್ಥನೂ ಒಪ್ಪುವುದಿಲ್ಲ. ಕರ್ಮದ ಖಾತೆಯಲ್ಲಿಯೂ ಅದು ನಡೆಯದು. ಕರ್ಮಸಿದ್ಧಾಂತವು ತನ್ನ ಕಷ್ಟವನ್ನು ಸಮಭಾವದಿಂದ ಸಹಿಸಲು ಇರುವುದೇ ಹೊರತು ಪರರ ಕಷ್ಟವನ್ನು ಸಮಭಾವದಿಂದ ನೋಡುತ್ತ ಕುಳಿತಿರಲು ಅಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಯಾವ ಕಾಲಕ್ಕೂ ಯಾರನ್ನೂ ಕೆಲಸದಿಂದ ಬಿಡಿಸಬಾರದೆಂದು ತೀರ್ಮಾನಿಸುವುದು ಅವಿವೇಕವಾಗುತ್ತದೆ. ಇಪ್ಪತ್ತು ಜನರಿಗೆ ಕೆಲಸವಿಲ್ಲದ ಕಡೆ ಇಪ್ಪತ್ತು ಜನರನ್ನೂ ಉಳಿಸಿಕೊಂಡು, ಸಾಲದ ಮೇಲೆ ಸಾಲ ಮಾಡಿ, ಕೊನೆಗೆ ಒಂದು ದಿನ ಬಾಗಿಲು ಹಾಕಿದರೆ ಇಪ್ಪತ್ತೂ ಸಂಸಾರಗಳು ಬೀದಿಗೆ ಬರುತ್ತವೆ; ಬಾಕಿ ಕೊಡಲು ಹಣವೂ ಉಳಿದಿರುವುದಿಲ್ಲ. ಐದು ಜನರನ್ನು ಸಕಾಲದಲ್ಲಿ, ಸರಿಯಾದ ರೀತಿಯಲ್ಲಿ ಬಿಡಿಸಿದ್ದರೆ ಹದಿನೈದು ಮನೆಗಳು ಉಳಿಯುತ್ತಿದ್ದವು, ಆ ಐವರಿಗೂ ಸಲ್ಲಬೇಕಾದದ್ದು ಸಲ್ಲುತ್ತಿತ್ತು. ಕಠಿಣವಾದ ನಿರ್ಣಯವನ್ನು ಮುಂದೂಡುತ್ತ ಹೋಗುವುದೂ ಪ್ರಮಾದವೇ ಆಗಿದೆ.

ಆದರೆ ನೌಕರನ ಅನ್ನಕ್ಕೆ ಕೈಹಾಕುವ ಮೊದಲು ಯಜಮಾನನು ತನ್ನ ಪರಿಗ್ರಹಕ್ಕೆ ಕೈಹಾಕಿದ್ದಾನೆಯೇ ಎಂಬುದನ್ನು ನೋಡಬೇಕು. ಪರಿಗ್ರಹಪರಿಮಾಣ ವ್ರತದ ನಿಜವಾದ ಪರೀಕ್ಷೆ ನಡೆಯುವುದು ಲಾಭದ ವರ್ಷದಲ್ಲಲ್ಲ, ನಷ್ಟದ ವರ್ಷದಲ್ಲಿ. ಪಾಲುದಾರರು ಅಂಗಡಿಯಿಂದ ಎತ್ತುವ ಮೊತ್ತ ಕಡಿಮೆಯಾಗಿದೆಯೇ? ಮನೆತನದವರಿಗೆ ಹೆಸರಿಗಷ್ಟೇ ಹುದ್ದೆ ಕೊಟ್ಟು ಬರೆಯುವ ಸಂಬಳ ನಿಂತಿದೆಯೇ? ಹೊಸ ವಾಹನದ ವಿಚಾರ ಮುಂದಕ್ಕೆ ಹೋಗಿದೆಯೇ? ಹೊಸಬರ ನೇಮಕಾತಿ ನಿಲ್ಲಿಸಿ, ನಿವೃತ್ತರ ಸ್ಥಾನ ತುಂಬದೆ, ಒಂದು ವಿಭಾಗದವರಿಗೆ ಇನ್ನೊಂದು ವಿಭಾಗದ ಕೆಲಸ ಕಲಿಸಿ ನೋಡಿದ್ದಾಗಿದೆಯೇ? ಎಲ್ಲರ ಸಂಬಳದಲ್ಲಿಯೂ ಸ್ವಲ್ಪ ಸ್ವಲ್ಪ ಇಳಿಸಿದರೆ ಎಲ್ಲರೂ ಉಳಿಯಬಹುದೇ ಎಂದು ನೌಕರರನ್ನೇ ಕರೆದು ಕೇಳಿದ್ದಾಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹೇಳಲಾಗದವನು ಅನಿವಾರ್ಯತೆಯ ಹೆಸರು ಹೇಳಬಾರದು. ಮನೆಯಲ್ಲಿ ಮದುವೆಯ ಚಪ್ಪರಕ್ಕೆ ಲಕ್ಷಗಳನ್ನು ಸುರಿದು ಅದೇ ವರ್ಷ ಗುಮಾಸ್ತನನ್ನು ನಷ್ಟದ ಕಾರಣ ಹೇಳಿ ಬಿಡಿಸಿದರೆ, ಆ ನಷ್ಟ ಯಾವ ಪುಟದಲ್ಲಿದೆ ಎಂದು ನೌಕರರು ಬಾಯಿಬಿಟ್ಟು ಕೇಳದಿರಬಹುದು. ಮನಸ್ಸಿನಲ್ಲಿ ಕೇಳಿಯೇ ಕೇಳುತ್ತಾರೆ.

ಅನಿವಾರ್ಯತೆ ನಿಜವೇ ಆದಾಗ ರೀತಿಯ ಪ್ರಶ್ನೆ ಬರುತ್ತದೆ. ಇದಕ್ಕೆ ಹೊರಗಿನ ನೀತಿಶಾಸ್ತ್ರವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಣುವ್ರತಗಳ ಅತಿಚಾರಗಳಲ್ಲಿಯೇ ಯಜಮಾನನು ತಪ್ಪಬಹುದಾದ ನಾಲ್ಕು ಸ್ಥಾನಗಳನ್ನು ಗುರುತಿಸಬಹುದು.

ಮೊದಲನೆಯದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಮಾಡುವುದು. ನೌಕರನನ್ನು ಕೋಣೆಗೆ ಕರೆದು, ಮೊದಲೇ ಸಿದ್ಧಪಡಿಸಿದ ರಾಜೀನಾಮೆ ಪತ್ರವನ್ನು ಮುಂದಿಟ್ಟು, ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಸಹಿ ಹಾಕಿಸಿಕೊಳ್ಳುವುದು ಹೊಸ ಪದ್ಧತಿಯೇನಲ್ಲ. ಹಾಗೆ ಮಾಡಿದರೆ ನೋಟೀಸೂ ಬೇಡ, ಪರಿಹಾರವೂ ಬೇಡ. ಆದರೆ ಆ ಪತ್ರದಲ್ಲಿರುವುದು ನೌಕರನ ಇಚ್ಛೆಯಲ್ಲ, ಯಜಮಾನನ ಇಚ್ಛೆ. ನೌಕರನ ಕೈಯಿಂದ ಬರೆಯಿಸಿದರೂ ಅದು ಕೂಟಲೇಖವೇ. ಸ್ವಯಂ ನಿವೃತ್ತಿ ಯೋಜನೆಗಳಲ್ಲಿಯೂ ಇದೇ ಎಚ್ಚರ ಬೇಕು. ಒಪ್ಪದವನನ್ನು ದೂರದ ಊರಿಗೆ ವರ್ಗಾಯಿಸಿ, ಕೆಲಸ ಕೊಡದೆ ಮೂಲೆಯಲ್ಲಿ ಕೂರಿಸಿ, ಅವನು ತಾನೇ ಬೇಸತ್ತು ಹೋಗುವಂತೆ ಮಾಡಿದರೆ ‘ಸ್ವಯಂ’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಕಾರಣವನ್ನೂ ಸತ್ಯವಾಗಿ ಹೇಳಬೇಕು. ವ್ಯಾಪಾರ ಕುಗ್ಗಿದ್ದರಿಂದ ಬಿಡಿಸುವವನನ್ನು ಅದಕ್ಷನೆಂದು ಹೆಸರಿಟ್ಟು ಕಳುಹಿಸಿದರೆ ಅವನ ಅನ್ನದೊಡನೆ ಮಾನವನ್ನೂ ಕಳೆದಂತಾಗುತ್ತದೆ. ಮುಂದೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವವರೂ ಹಿಂಜರಿಯುತ್ತಾರೆ.

ಎರಡನೆಯದು ನ್ಯಾಸಾಪಹಾರ. ಇದೂ ಸತ್ಯಾಣುವ್ರತದ್ದೇ ಅತಿಚಾರ. ಇದಕ್ಕೆ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನೀಡಿದ ವಿವರಣೆ ಬಹಳ ಸೂಕ್ಷ್ಮವಾದದ್ದು. ಚಿನ್ನವನ್ನು ಒಬ್ಬನಲ್ಲಿ ನ್ಯಾಸವಾಗಿ ಇಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆಯಾಗಿ ಕೇಳಿದಾಗ, ಇಟ್ಟುಕೊಂಡವನು ನಿಜವನ್ನು ಹೇಳದೆ ಹಾಗೆಯೇ ಆಗಲಿ ಎಂದು ಅಷ್ಟನ್ನೇ ಕೊಟ್ಟು ಕಳುಹಿಸುವುದು ನ್ಯಾಸಾಪಹಾರ. ಇಲ್ಲಿ ಇಟ್ಟುಕೊಂಡವನು ಕೇಳಿದ್ದನ್ನು ಇಲ್ಲವೆಂದಿಲ್ಲ, ಕೇಳಿದಷ್ಟನ್ನೂ ಕೊಟ್ಟಿದ್ದಾನೆ. ಆದರೂ ದೋಷ ತಪ್ಪಲಿಲ್ಲ.

ನೌಕರನ ಗ್ರಾಚ್ಯುಟಿ, ಭವಿಷ್ಯನಿಧಿ, ಉಳಿದ ರಜೆಯ ಸಂಬಳ ಇವೆಲ್ಲ ಯಜಮಾನನಲ್ಲಿರುವ ನ್ಯಾಸಗಳೇ. ಒಂದು ಲೆಕ್ಕವನ್ನು ನೋಡಬಹುದು. ಹತ್ತಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಯಲ್ಲಿ ಒಬ್ಬನು 22 ವರ್ಷ 7 ತಿಂಗಳು ದುಡಿದಿದ್ದಾನೆ, ಕೊನೆಯ ತಿಂಗಳ ವೇತನ 15,600 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಅರ್ಧ ತಿಂಗಳ ಸಂಬಳ ಗ್ರಾಚ್ಯುಟಿ ಎಂದು ಕೇಳಿಬಲ್ಲ ಅವನು 7,800 ರೂಪಾಯಿಯಂತೆ 22 ವರ್ಷಕ್ಕೆ 1,71,600 ರೂಪಾಯಿ ಬರುತ್ತದೆಂದು ಎಣಿಸುತ್ತಾನೆ. ಕಾನೂನಿನ ಲೆಕ್ಕ ಬೇರೆ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಆರು ತಿಂಗಳಿಗೆ ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯಬೇಕು. ಅದರಂತೆ ವರ್ಷಕ್ಕೆ 9,000 ರೂಪಾಯಿ, 23 ವರ್ಷಕ್ಕೆ 2,07,000 ರೂಪಾಯಿ. ಎರಡು ಲೆಕ್ಕಗಳ ನಡುವಿನ ಅಂತರ 35,400 ರೂಪಾಯಿ. ನೌಕರನು ಕೇಳಿದಷ್ಟಕ್ಕೇ ರಶೀದಿ ಬರೆಯಿಸಿಕೊಂಡು ಸುಮ್ಮನಿರುವ ಯಜಮಾನನಿಗೂ ಪೂಜ್ಯಪಾದರು ಹೇಳಿದ ಆ ಚಿನ್ನ ಇಟ್ಟುಕೊಂಡವನಿಗೂ ವ್ಯತ್ಯಾಸವೇನು? ಲೆಕ್ಕ ಬಲ್ಲವನೇ ಲೆಕ್ಕವನ್ನು ಬಿಡಿಸಿ ಹೇಳಬೇಕು. ನೌಕರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೈಗೆ ಕೊಡಬೇಕು.

ಗ್ರಾಚ್ಯುಟಿಯಲ್ಲದೆ ಕಡಿತದ ಪರಿಹಾರ ಬೇರೆಯೇ ಇದೆ. 1953ರಲ್ಲಿ ಕೈಗಾರಿಕಾ ವಿವಾದಗಳ ಕಾನೂನಿಗೆ ಸೇರಿಸಿದ ಈ ರಕ್ಷಣೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿವೆ. ಒಂದು ವರ್ಷ ಸತತ ದುಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಸಾಮಾನ್ಯವಾಗಿ ಕೊನೆಗೆ ಬಂದವನನ್ನು ಮೊದಲು ಬಿಡಿಸುವ ಕ್ರಮ, ಮತ್ತೆ ಜನರನ್ನು ತೆಗೆದುಕೊಳ್ಳುವಾಗ ಬಿಡಿಸಿದವರಿಗೆ ಮೊದಲ ಅವಕಾಶ ಇವು ಅದರ ಮುಖ್ಯಾಂಶಗಳು. ಹೊಸ ಕೆಲಸ ಕಲಿಯಲು ನೆರವಾಗುವಂತೆ 15 ದಿನಗಳ ವೇತನದಷ್ಟು ಹಣವನ್ನು ಯಜಮಾನನು ಒಂದು ನಿಧಿಗೆ ಕಟ್ಟಬೇಕೆಂಬುದು ಸಂಹಿತೆಯಲ್ಲಿ ಹೊಸದಾಗಿ ಸೇರಿದ ಅಂಶ. ಲೆಕ್ಕಕ್ಕೆ ಯಾವ ವೇತನವನ್ನು ಹಿಡಿಯಬೇಕು ಎಂಬಲ್ಲಿಯೂ ನ್ಯಾಯದ ಪ್ರಶ್ನೆ ಇದೆ. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದಾಗ, ನೌಕರರ ಸ್ವಯಂ ನಿವೃತ್ತಿಯ ಮೊತ್ತವನ್ನು ಅವರಿಗೆ ವಾಸ್ತವವಾಗಿ ದೊರೆಯದೆ ಇದ್ದ 2007ರ ವೇತನ ಶ್ರೇಣಿಯನ್ನು ಕಲ್ಪಿಸಿಕೊಂಡು ಕೊಡಬೇಕೆಂದು ತೀರ್ಮಾನಿಸಲಾಯಿತು. ವರ್ಷಗಟ್ಟಲೆ ಸಂಬಳ ಏರಿಸದೆ, ಆ ಹಳೆಯ ಸಂಬಳದ ಮೇಲೆಯೇ ಪರಿಹಾರ ಎಣಿಸುವ ಖಾಸಗಿ ಯಜಮಾನರು ಈ ತೀರ್ಮಾನದಿಂದ ಕಲಿಯಬೇಕಾದದ್ದಿದೆ.

ಮೂರನೆಯದು ಅನ್ನಪಾನನಿರೋಧವೇ. ಇದರಲ್ಲಿ ‘ಸಕಾಲ’ ಎಂಬ ಅಂಶ ಮುಖ್ಯವಾದದ್ದು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ‘ನಾಳೆಯಿಂದ ಬರಬೇಡಿ’ ಎನ್ನುವುದಕ್ಕೂ ಆರು ತಿಂಗಳು ಮೊದಲೇ ಕರೆದು ಕೂರಿಸಿ, ಅಂಗಡಿಯ ಸ್ಥಿತಿಯನ್ನು ತೆರೆದಿಟ್ಟು, ‘ಈ ಅವಧಿಯಲ್ಲಿ ಬೇರೆ ಕಡೆ ನೋಡಿಕೊಳ್ಳಿ, ಅಲ್ಲಿಯವರೆಗೆ ಸಂಬಳಕ್ಕೆ ತೊಂದರೆಯಿಲ್ಲ’ ಎನ್ನುವುದಕ್ಕೂ ಅಜಗಜಾಂತರವಿದೆ. ಮಕ್ಕಳ ಪರೀಕ್ಷೆಯ ತಿಂಗಳು, ಮನೆಯಲ್ಲಿ ಹೆರಿಗೆ, ಕಾಯಿಲೆಯ ಸಮಯ ಇವನ್ನು ನೋಡಿ ದಿನವನ್ನು ನಿಶ್ಚಯಿಸುವುದು ಕರುಣೆಯ ಚಿಕ್ಕ ಕೆಲಸ. ಭವಿಷ್ಯನಿಧಿಯ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಸೇವೆ ಪೂರೈಸಲು ಕೆಲವೇ ತಿಂಗಳು ಉಳಿದವನನ್ನು ಅಷ್ಟು ಕಾಲ ಉಳಿಸಿಕೊಂಡರೆ ಯಜಮಾನನಿಗೆ ಆಗುವ ಖರ್ಚು ಅಲ್ಪ, ಆ ನೌಕರನ ವೃದ್ಧಾಪ್ಯಕ್ಕೆ ಆಗುವ ಆಧಾರ ದೊಡ್ಡದು.

ದೊಡ್ಡ ಉದ್ಯಮದಲ್ಲಿ ಇದನ್ನು ಹೇಗೆ ಮಾಡಬಹುದೆಂಬುದಕ್ಕೆ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಒಂದು ನಿದರ್ಶನವಾಗಿದೆ. 1912ರಲ್ಲಿಯೇ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದ ಆ ಸಂಸ್ಥೆಯಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ಸುಮಾರು 78 ಸಾವಿರ ನೌಕರರಿದ್ದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅವಧಿಗೆ ಮುನ್ನ ಬಿಡಲು ಒಪ್ಪಿದವರಿಗೆ ಒಂದೇ ಗಂಟು ಹಣ ಕೊಟ್ಟು ಕೈತೊಳೆದುಕೊಳ್ಳದೆ, ನಿವೃತ್ತಿಯ ವಯಸ್ಸಿನವರೆಗೂ ತಿಂಗಳು ತಿಂಗಳು ಹಣ ಕೊಡುವ ಯೋಜನೆಯನ್ನು ಅಲ್ಲಿ ರೂಪಿಸಲಾಯಿತು. ನಡುವೆ ನೌಕರನು ತೀರಿಕೊಂಡರೂ ಅವನ ಕುಟುಂಬಕ್ಕೆ ಅದು ಸಲ್ಲುತ್ತಿತ್ತು. ಒಟ್ಟಿಗೆ ಬಂದ ಹಣ ಸಾಲಗಾರರಿಗೂ ಮದುವೆಗೂ ಕರಗಿಹೋಗುವುದನ್ನು ಕಂಡವರಿಗೆ ಈ ಕ್ರಮದ ಬೆಲೆ ತಿಳಿಯುತ್ತದೆ. ಎಲ್ಲ ಅಂಗಡಿಗಳಿಗೂ ಇಂತಹ ಶಕ್ತಿ ಇರುವುದಿಲ್ಲ, ನಿಜ. ಆದರೆ ಬಿಡಿಸಿದ ಗುಮಾಸ್ತನಿಗೆ ಒಂದು ವರ್ಷ ಅರ್ಧ ಸಂಬಳವನ್ನಾದರೂ ಮನೆಗೆ ಮುಟ್ಟಿಸುವ ಶಕ್ತಿ ಅನೇಕ ಅಂಗಡಿಗಳಿಗೆ ಇದೆ.

ನಾಲ್ಕನೆಯದು ಅತಿಭಾರಾರೋಪಣ, ಶಕ್ತಿಗೆ ಮೀರಿದ ಭಾರ ಹೊರಿಸುವುದು. ಹೋದವರ ಕಡೆಗೆ ಎಲ್ಲರ ಗಮನವೂ ಹೋಗುತ್ತದೆ. ಉಳಿದವರ ಕಡೆಗೆ ಯಾರದೂ ಹೋಗುವುದಿಲ್ಲ. ಐವರ ಕೆಲಸ ಮೂವರ ಮೇಲೆ ಬೀಳುತ್ತದೆ. ಮುಂದಿನ ಸರದಿ ತಮ್ಮದಿರಬಹುದೆಂಬ ಭಯದಿಂದ ಅವರು ರಾತ್ರಿ ಒಂಬತ್ತರವರೆಗೆ ಕುಳಿತರೂ ಮಾತನಾಡುವುದಿಲ್ಲ. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಒಂದು ವೇಳೆ ಕಡಿತದ ನಂತರ ಉಳಿದವರೆಲ್ಲರೂ ದಿನಕ್ಕೆ ಎರಡು ಗಂಟೆ ಹೆಚ್ಚು ದುಡಿದರೆ ಮಾತ್ರ ಅಂಗಡಿ ನಡೆಯುತ್ತದೆ ಎಂದಾದರೆ, ತೆಗೆದವರು ಹೆಚ್ಚುವರಿಯಾಗಿರಲಿಲ್ಲ ಎಂದೇ ಅರ್ಥ.

ಈ ನಾಲ್ಕೂ ದೋಷಗಳಿಂದ ಪಾರಾದವನು ದೋಷದಿಂದ ಪಾರಾದನಷ್ಟೇ. ಗುಣವನ್ನು ಗಳಿಸಿದ್ದು ಇನ್ನೂ ಆಗಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರುತ್ತಿರುವವನನ್ನು ಹಿಡಿದು ಮತ್ತೆ ನಿಲ್ಲಿಸುವುದು ಅದರ ಅರ್ಥ. ಮೂಲದಲ್ಲಿ ಇದು ಧರ್ಮಮಾರ್ಗದಿಂದ ಜಾರುವವರನ್ನು ಕುರಿತು ಹೇಳಿದ್ದು. ಆದರೆ ಹಸಿವು, ಸಾಲ, ಅವಮಾನಗಳೇ ಮನುಷ್ಯನನ್ನು ಧರ್ಮದಿಂದ ಜಾರಿಸುವ ಸಾಮಾನ್ಯ ಕಾರಣಗಳೆಂಬುದನ್ನು ಮರೆಯಲಾಗದು. ಸಮಾಜದ ಇತರ ವ್ಯಾಪಾರಸ್ಥರಿಗೆ ತಾನೇ ಫೋನು ಮಾಡಿ ‘ಇವರು ಪ್ರಾಮಾಣಿಕರು, ಇಟ್ಟುಕೊಳ್ಳಿ’ ಎಂದು ಹೇಳುವುದು, ಸ್ವಂತ ಅಂಗಡಿ ಹಾಕಬಯಸುವವನಿಗೆ ಬಡ್ಡಿಯಿಲ್ಲದೆ ಸರಕು ಕೊಡುವುದು, ಕಂಪ್ಯೂಟರು ಕಲಿಯಬಯಸುವವನ ಶುಲ್ಕ ಕಟ್ಟುವುದು, ಆರು ತಿಂಗಳ ನಂತರ ಒಮ್ಮೆ ಅವನ ಮನೆಗೆ ಹೋಗಿ ವಿಚಾರಿಸುವುದು ಇವೆಲ್ಲವೂ ಸ್ಥಿತಿಕರಣದ ಕಾರ್ಯಗಳೇ.

ಬಸದಿಗಳ, ಧರ್ಮಶಾಲೆಗಳ, ವಿದ್ಯಾರ್ಥಿನಿಲಯಗಳ ಟ್ರಸ್ಟುಗಳಿಗೂ ಈ ವಿಚಾರ ಸಂಬಂಧಿಸಿದೆ. ಅಲ್ಲಿಯೂ ಪುರೋಹಿತರು, ಅಡುಗೆಯವರು, ಕಾವಲುಗಾರರು, ಲೆಕ್ಕ ಬರೆಯುವವರು ಇದ್ದಾರೆ. ಅಲ್ಲಿಯೂ ಲೆಕ್ಕಪತ್ರ ಕಂಪ್ಯೂಟರಿಗೆ ಹೋಗುತ್ತದೆ, ಅಡುಗೆಮನೆಯನ್ನು ಗುತ್ತಿಗೆಗೆ ಕೊಡಲಾಗುತ್ತದೆ, ಹೊಸ ಆಡಳಿತ ಮಂಡಳಿ ಬಂದೊಡನೆ ಹಳಬರು ಬೇಡವಾಗುತ್ತಾರೆ. ನೌಕರರ ಸಂಖ್ಯೆ ಹತ್ತಕ್ಕಿಂತ ಕಡಿಮೆಯಿರುವ ಕಡೆ ಗ್ರಾಚ್ಯುಟಿಯ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮೂವತ್ತು ವರ್ಷ ಬಸದಿಯ ಬಾಗಿಲು ತೆರೆದವನಿಗೆ ಒಂದು ಶಾಲು ಹೊದೆಸಿ, ಹಣ್ಣಿನ ತಟ್ಟೆ ಕೊಟ್ಟು, ‘ಇವರದು ಸೇವೆ’ ಎಂದು ಹೊಗಳಿ ಕಳುಹಿಸುವ ಪ್ರಸಂಗಗಳು ಹೀಗೆ ಉಂಟಾಗುತ್ತವೆ. ಸೇವೆಯೆಂದು ಹೊಗಳಿದ ಮಾತ್ರಕ್ಕೆ ಸಂಬಳದ ಋಣ ತೀರುವುದಿಲ್ಲ. ಪಂಚಕಲ್ಯಾಣ ಮಹೋತ್ಸವಕ್ಕೆ ನಿಧಿ ಕೂಡಿಸಬಲ್ಲ ಟ್ರಸ್ಟು ತನ್ನ ನೌಕರರ ಹೆಸರಿನಲ್ಲಿ ಪ್ರತಿವರ್ಷ 15 ದಿನಗಳ ಸಂಬಳವನ್ನು ಬೇರೆ ಖಾತೆಯಲ್ಲಿ ತೆಗೆದಿರಿಸಲಾರದೇ? ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದೊಂದು ವಿಷಯವನ್ನು ಸೇರಿಸಿದರೆ ಸಾಕು, ಆರಂಭವಾಗುತ್ತದೆ.

ಕಾನೂನು ಹತ್ತು ಜನರಿಂದ ಮೇಲೆ, ಮುನ್ನೂರು ಜನರಿಂದ ಮೇಲೆ ಎಂದು ಸಂಖ್ಯೆ ನೋಡಿ ಅನ್ವಯಿಸುತ್ತದೆ. ವ್ರತಕ್ಕೆ ಆ ಮಿತಿಯಿಲ್ಲ. ಒಬ್ಬನೇ ಒಬ್ಬ ಆಳು ಇರುವ ಅಂಗಡಿಯಲ್ಲಿಯೂ ಅದು ಯಜಮಾನನನ್ನು ಕೇಳುತ್ತದೆ: ಪತ್ರ ಸತ್ಯವಾಗಿತ್ತೇ, ಲೆಕ್ಕ ಪೂರ್ತಿಯಾಗಿತ್ತೇ, ಸಮಯ ಕೊಟ್ಟಿದ್ದಾಯಿತೇ, ಉಳಿದವರ ಹೆಗಲು ತಡೆಯುವಷ್ಟೇ ಭಾರವಿದೆಯೇ? ದಿನವೂ ಪ್ರತಿಕ್ರಮಣ ಮಾಡಿ ಅರಿತೋ ಅರಿಯದೆಯೋ ನೊಂದ ಸೂಕ್ಷ್ಮಜೀವಿಗಳಲ್ಲಿಯೂ ಕ್ಷಮೆ ಬೇಡುವ ಶ್ರಾವಕನು, ಹೆಸರು ಹಿಡಿದು ಕರೆಯುತ್ತಿದ್ದ, ಇಪ್ಪತ್ತು ವರ್ಷ ಅಂಗಡಿಯ ಬೀಗದ ಕೈ ನಂಬಿ ಕೊಟ್ಟಿದ್ದ ಒಬ್ಬ ಪಂಚೇಂದ್ರಿಯ ಜೀವಿಯನ್ನು ಮರೆತರೆ ಆ ಕ್ಷಮಾಪಣೆ ಅಪೂರ್ಣವಾಗುತ್ತದೆ. ಬಿಡಿಸಿದ ನೌಕರನು ಮುಂದೆ ಎಂದಾದರೂ ದಾರಿಯಲ್ಲಿ ಎದುರಾದಾಗ ಯಜಮಾನನು ಮುಖ ತಿರುಗಿಸಿಕೊಳ್ಳದೆ ನಿಂತು, ‘ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂದು ಕೇಳಲು ಸಾಧ್ಯವಾಗುವಂತೆ ನಡೆದುಕೊಂಡಿದ್ದರೆ, ಆ ಕಠಿಣ ನಿರ್ಣಯದಲ್ಲಿಯೂ ಅವನ ಅಣುವ್ರತ ಉಳಿಯಿತೆಂದು ತಿಳಿಯಬಹುದು.